ಅಕ್ಷರದ ಹೊಟ್ಟೆ

ಒಂದೊಂದು ವಯಸ್ಸಿಗೆ ಒಂದೊಂದು ಹುಚ್ಚು. ನಾಲ್ವತ್ತನ್ನು ಸಮೀಪಿಸುತ್ತಿರುವ ನನಗೆ ಹಿಡಿದಿರುವುದು ಪುಟ್ಟ ಫಲಕಗಳ ಹುಚ್ಚು. ಕಾಲೇಜಿನಲ್ಲಿ ಪಂಪ-ರನ್ನರನ್ನು ಮುಗಿಸಿ ಯಮಕನಮರಡಿಯ ಮನೆಗೆ ಮರಳಿದ ಮೇಲೆ, ಹಿತ್ತಲ ಕೋಣೆಯ ಲೇಸರ್ ಯಂತ್ರದ ಮುಂದೆ ಕೂಡುವುದು ನನ್ನ ಸಾಯಂಕಾಲದ ನೇಮ. ಅಂಗೈಯಗಲದ ಕಿರಾಣಿ ಅಂಗಡಿಯ ಬೋರ್ಡು, ಬೆರಳುದ್ದದ ಮೈಲಿಗಲ್ಲು, ಮಗಳ ಆಟದ ಬಸ್ಸಿಗೆ ‘ಹುಕ್ಕೇರಿ’ ಎಂಬ ನಾಮಫಲಕ, ಕಾಲೇಜಿನ ನಾಟಕಕ್ಕೆ ಭುಜಕೀರ್ತಿ—ಎಲ್ಲವೂ ಅಲ್ಲಿಯೇ ಜನ್ಮ ತಾಳುತ್ತವೆ. “ನನ್ನ ಒಲಿಗಿಂತ ನಿಮ್ಮ ಒಲಿನ ಹೆಚ್ಚು ಉರೀತದ” ಎಂಬುದು ನನ್ನಾಕೆಯ ವ್ಯಾಖ್ಯಾನ.

ಅವಳ ಮಾತು ಸುಳ್ಳಲ್ಲ. ಈ ಯಂತ್ರ ಕೊಯ್ಯುವುದು ಅಲಗಿನಿಂದಲ್ಲ, ಉರಿಯಿಂದ. ಗಾಜಿನ ಕೊಳವೆಯಲ್ಲಿ ಇಂಗಾಲಾಮ್ಲ ವಾಯುವಿಗೆ ವಿದ್ಯುತ್ತು ಹಾಯ್ದಾಗ ಕಣ್ಣಿಗೆ ಕಾಣದ ಕಿರಣ ಹೊಮ್ಮುತ್ತದೆ. ಮಸೂರವು ಅದನ್ನು ಸೂಜಿಮೊನೆಯಾಗಿಸಿ ಮೂರು ಮಿಲಿಮೀಟರಿನ ಪ್ಲೈವುಡ್ಡನ್ನು ಭೇದಿಸುತ್ತದೆ. ಪಿ.ವಿ.ಸಿ. ಹಾಳೆಯನ್ನು ಮಾತ್ರ ಅದಕ್ಕೆ ಉಣಿಸಬಾರದು. ವಿಷದ ಹೊಗೆ ಏಳುತ್ತದೆ. ಈ ಬಗೆಯ ಲೇಸರನ್ನು 1964ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ನಿರ್ಮಿಸಿದ ಕುಮಾರ್ ಪಟೇಲರು ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ದೂರದೇಶದ ವಿದ್ಯೆಯೆಂದು ನಾನು ಬೆರಗಾಗಿದ್ದರೆ, ಅದು ನೆರೆನಾಡಿನವರ ಕೈವಾಡ!

ಪ್ರತಿಕೃತಿಯ ಚಪಲವಂತೂ ನಮ್ಮ ಸೀಮೆಗೆ ಹೊಸದಲ್ಲ. ಗೋಕಾಕದ ಬಣ್ಣದ ಹಣ್ಣುಗಳನ್ನು ಕಂಡು ನಿಜವೆಂದು ಕೈ ಚಾಚಿದ ಅತಿಥಿಗಳು ಎಷ್ಟು ಮಂದಿಯೋ! ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ತಮ್ಮಣ್ಣನ ಕುಲಗೋಡ ಇಂದಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಹಗುರವಾದ ಮರಕ್ಕೆ ಬೇಗಡೆ ಹಚ್ಚಿದ ಕಿರೀಟವನ್ನು ದೀಪದ ಬೆಳಕಿನಲ್ಲಿ ಬಂಗಾರವೆಂದು ನಂಬಿದ ಜನ ನಾವು.

ಆದರೆ ಯಂತ್ರಕ್ಕೂ ಕನ್ನಡದ ಅಕ್ಷರಕ್ಕೂ ಸುಲಭವಾಗಿ ಹೊಂದಿಕೆಯಾಗದು. ಹಲಗೆಯಲ್ಲಿ ‘ರ’ ಕೊರೆದರೆ ಅದರ ದುಂಡು ಹೊಟ್ಟೆ ಕಳಚಿ ಬೀಳುತ್ತದೆ. ಅಕ್ಷರವನ್ನೇ ಬಿಡಿಸಿ ತೆಗೆದರೋ, ‘ಹುಕ್ಕೇರಿ’ಯ ಒತ್ತು ತಾಯಿಯನ್ನಗಲಿದ ಕೂಸಿನಂತೆ ಬೇರೆಯೇ ಉಳಿಯುತ್ತದೆ. ಎಲ್ಲಿಯಾದರೂ ಸಣ್ಣ ಸೇತುವೆ ಬಿಡಲೇಬೇಕು. ಎಲ್ಲಿ?

ಇದಕ್ಕೆ ಉತ್ತರ ಕೊಟ್ಟವರು ನಮ್ಮೂರಿನ ಹಿರಿಯರೊಬ್ಬರು. ಫ್ಲೆಕ್ಸ್ ಬರುವವರೆಗೆ ಸುತ್ತಲಿನ ಅಂಗಡಿಗಳ ಬೋರ್ಡು ಬರೆದು ಸಂಸಾರ ಸಾಗಿಸಿದವರು. ನನ್ನ ಪುಟ್ಟ ಫಲಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಚಂದ ಅದರೀ ಸರ. ಆದರ ಇದು ಯಾರ ಕೈ?” ಎಂದರು.

“ಕಂಪ್ಯೂಟರಿನ ಅಕ್ಷರ, ಅಜ್ಜಾರ.”

“ಹಂಗಾರ ಬೆಂಗಳೂರಾಗೂ ಇದ, ಬೆಳಗಾವ್ಯಾಗೂ ಇದ. ನಮ್ಮೂರಿಂದು ಯಾವುದ್ರೀ?”

ನಾನು ನಿರುತ್ತರನಾದೆ. ಮರುದಿನ ಅವರೇ ನನ್ನನ್ನು ಪೇಟೆಗೆ ಕರೆದೊಯ್ದರು. ಕೆಡವಲು ಗೊತ್ತಾಗಿದ್ದ ಹಳೆಯ ಅಂಗಡಿಯೊಂದರ ಗೋಡೆಯ ಮೇಲೆ ಅವರ ಬರಹ ಇನ್ನೂ ಉಳಿದಿತ್ತು. ಅದರ ಚಿತ್ರ ತೆಗೆದು, ಗೆರೆಗೆರೆಯನ್ನೂ ಯಂತ್ರಕ್ಕೆ ತಿದ್ದಿ ಕೊಟ್ಟೆ. ಸೇತುವೆಯ ಪ್ರಶ್ನೆ ಬಂದಾಗ ಅವರು ನಕ್ಕರು: “ಬ್ರಶ್ ಎಲ್ಲಿ ಎತ್ತಿ ಮತ್ತ ಇಡತೇವೋ, ಅಲ್ಲೇ ಬಿಡ್ರೀ. ಕಣ್ಣಿಗೆ ಕಾಣಂಗಿಲ್ಲ.” ನಿಜ, ಕಾಣಲಿಲ್ಲ.

ಈಗ ಆ ಗೋಡೆಯಿಲ್ಲ. 2024ರ ತಿದ್ದುಪಡಿ ಕಾನೂನಿನಂತೆ ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕು. ಗಡಿಸೀಮೆಯವನಾದ ನನಗೆ ಅದು ಸಂತೋಷವೇ. ಆದರೆ ‘ರ’ಕಾರದ ಹೊಟ್ಟೆ ಎಷ್ಟು ದುಂಡಗಿರಬೇಕೆಂದು ಯಾವ ಕಾನೂನು ಹೇಳೀತು? ಅದಕ್ಕಾಗಿ ಅಜ್ಜನವರಿಗೆ ನನ್ನ ಮಗಳ ದಪ್ಪ ನೋಟುಬುಕ್ಕನ್ನು ಕೊಟ್ಟಿದ್ದೇನೆ. ಪುಟಕ್ಕೊಂದರಂತೆ ವರ್ಣಮಾಲೆಯನ್ನು ಬರೆಯುತ್ತಿದ್ದಾರೆ. ಕೈ ನಡುಗಿದ ದಿನದ ಪುಟವನ್ನು ತಾವೇ ಹರಿದು ಹಾಕುತ್ತಾರೆ. ನಿನ್ನೆಗೆ ‘ಡ’ ಮುಗಿದಿದೆ. ‘ಳ’ದವರೆಗೆ ಇನ್ನೂ ಬಹಳ ಪುಟಗಳಿವೆ.