ಬಂದವರ ಊರು, ಹೊರಟವರ ಊರು

ಮೈಸೂರು ಜಿಲ್ಲೆಯ ಪಶ್ಚಿಮ ಸೀಮೆಯಲ್ಲಿ ಒಂದೊಂದು ತಾಲ್ಲೂಕಿಗೂ ಒಂದೊಂದು ಚಹರೆಯಿದೆ. ಕೃಷ್ಣರಾಜನಗರದಲ್ಲಿ ಕಾವೇರಿಯ ನಾಲೆಗಳಿಂದ ಹಸಿರಾದ ಭತ್ತದ ಗದ್ದೆಗಳು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಹೊಲಗಳು, ಅದನ್ನು ಹದಗೊಳಿಸುವ ಬ್ಯಾರನ್ನುಗಳು. ಹೆಗ್ಗಡದೇವನಕೋಟೆಯಲ್ಲಿ ಕಬಿನಿಯ ಹಿನ್ನೀರು ಮತ್ತು ದಟ್ಟ ಕಾಡು. ಈ ಸೀಮೆಯ ಸಂಚಾರದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದವು ಎರಡು ಊರುಗಳು. ಒಂದು, ಪರದೇಶದವರು ಬಂದು ನೆಲೆಸಿದ ಊರು. ಇನ್ನೊಂದು, ಜನರು ಪರದೇಶಕ್ಕೆ ಹೋಗಿ ದುಡಿಯುವ ಊರು. ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಿಗೆ ಹೊರಡುತ್ತಿರುವ ಈ ಕಾಲದಲ್ಲಿ ಆ ಊರುಗಳ ಅನುಭವವನ್ನು ಸದ್ಭಕ್ತರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲನೆಯದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ. 1959ರಲ್ಲಿ ದಲೈ ಲಾಮಾ ಅವರು ಟಿಬೆಟನ್ನು ತೊರೆದು ಭಾರತಕ್ಕೆ ಬಂದಾಗ ಸಹಸ್ರಾರು ಜನ ಅವರನ್ನು ಹಿಂಬಾಲಿಸಿದರು. ಅಂದಿನ ಮೈಸೂರು ಸರ್ಕಾರವು ಅವರಿಗಾಗಿ ಇಲ್ಲಿ ಸುಮಾರು 3,000 ಎಕರೆ ನೆಲವನ್ನು ಗುತ್ತಿಗೆಯ ಮೇಲೆ ನೀಡಿತು. 1960ರ ಕೊನೆಗೆ ಮೊದಲ ತಂಡವು ಬಂದಿಳಿಯಿತು. 1969ರಲ್ಲಿ ಎರಡನೆಯ ವಸತಿಯೂ, 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ವಸತಿಯೂ ತಲೆಯೆತ್ತಿದವು.

ಇಂದು ಯಾತ್ರಿಕರು ಕಾಣುವುದು 1999ರಲ್ಲಿ ಪ್ರತಿಷ್ಠಾಪಿತವಾದ ಸ್ವರ್ಣಮಂದಿರವನ್ನು. ಆ ಮಂದಿರವಿರುವ ನಾಮ್‌ಡ್ರೋಲಿಂಗ್ ಮಠವು 1963ರಲ್ಲಿ ಬಿದಿರಿನ ಗುಡಿಯಾಗಿ ಆರಂಭವಾಯಿತೆಂಬುದನ್ನು ಬಲ್ಲವರು ಕಡಿಮೆ. ಹಿಮದ ನಾಡಿನವರಿಗೆ ಇಲ್ಲಿಯ ಬಿಸಿಲೇ ಮೊದಲ ಶತ್ರುವಾಯಿತು. ಉಣ್ಣೆಯ ಉಡುಪು ಭಾರವಾಯಿತು. ಬಾರ್ಲಿಯ ಹಿಟ್ಟನ್ನುಂಡವರು ಮುಸುಕಿನ ಜೋಳವನ್ನು ಬಿತ್ತಿ ಬೆಳೆಯಲು ಕಲಿಯಬೇಕಾಯಿತು. ಕಾಡು ಕಡಿದು ಹೊಲ ಮಾಡಿದರೆ ರಾತ್ರಿ ಆನೆಗಳ ಕಾಟ. ಒಗ್ಗದ ಹವೆಯಿಂದ ರೋಗರುಜಿನ. ಅವರು ಇದನ್ನೆಲ್ಲ ಒಬ್ಬೊಬ್ಬರಾಗಿ ಎದುರಿಸಲಿಲ್ಲ. ಸಹಕಾರ ಸಂಘ ಕಟ್ಟಿದರು, ಶಾಲೆ ತೆರೆದರು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿದರು. 1419ರಲ್ಲಿ ಲ್ಹಾಸಾದ ಬಳಿ ಸ್ಥಾಪಿತವಾಗಿದ್ದ ಸೆರಾ ಮಠವನ್ನು ಇಲ್ಲಿ ಮರಳಿ ಕಟ್ಟಿದರು. ಸ್ಥಳೀಯರೊಡನೆ ವ್ಯವಹರಿಸಲು ಕನ್ನಡವನ್ನೂ ಕಲಿತರು.

ಅಲ್ಲಿಯ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ನಮ್ಮನ್ನು "ಬನ್ನಿ ಸ್ವಾಮಿ, ಕೂತ್ಕೊಳ್ಳಿ" ಎಂದು ಅಚ್ಚಗನ್ನಡದಲ್ಲಿ ಬರಮಾಡಿಕೊಂಡರು. ಮಾತಿನ ನಡುವೆ ಅವರೆಂದರು: "ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ. ಕಾಗದದಲ್ಲಿ ಮಾತ್ರ ನಾವು ಹೊರಗಿನವರು." ಈ ಮಾತು ನಮ್ಮನ್ನು ಬಹುಕಾಲ ಕಾಡಿತು. ಅವರಂಥವರು ನೋಂದಣಿ ಪತ್ರವನ್ನು ಅವಧಿಗೊಮ್ಮೆ ನವೀಕರಿಸುತ್ತಲೇ ಇರಬೇಕು; ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂಬ ನಿಯಮವು ಟಿಬೆಟನ್ನರಿಗೂ ಸಲ್ಲುತ್ತದೆಂದು ಕರ್ನಾಟಕ ಹೈಕೋರ್ಟು ಹೇಳಿದ್ದು 2013ರಲ್ಲಿ. ಆ ಬಳಿಕ ಹುಟ್ಟಿದ ಮಕ್ಕಳಿಗೆ ಕೇವಲ ಜನ್ಮಭೂಮಿಯ ಆಧಾರ ಸಾಲದು. ಅವರಲ್ಲಿ ಅನೇಕ ತರುಣರು ಮತ್ತೆ ಗಂಟು ಕಟ್ಟಿ ಪಶ್ಚಿಮ ದೇಶಗಳಿಗೆ ಹೊರಟಿದ್ದಾರೆ. 1990ರ ಅಮೆರಿಕದ ಕಾಯ್ದೆಯೊಂದು ಭಾರತ, ನೇಪಾಳಗಳಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ನೀಡಿದುದು ಈ ಹಾದಿಯನ್ನು ತೆರೆಯಿತು.

ಎರಡನೆಯ ಊರು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ. ಇಲ್ಲಿಯ ಹಕ್ಕಿಪಿಕ್ಕಿ ಜನರ ಮನೆಮಾತು ವಾಗ್ರಿಬೂಲಿ; ಹಕ್ಕಿ ಹಿಡಿಯುವುದು ಪೂರ್ವಿಕರ ವೃತ್ತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಅದು ನಿಂತುಹೋಗಲು, ಅವರು ಗಿಡಮೂಲಿಕೆ ಮತ್ತು ಕೇಶತೈಲದ ವ್ಯಾಪಾರ ಹಿಡಿದು ಆಫ್ರಿಕದವರೆಗೆ ಸಾಗಿದರು. 2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಕದನ ಸಿಡಿದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ಹೊರಗೆ ಗುಂಡಿನ ಸದ್ದು, ಒಳಗೆ ಅನ್ನನೀರಿಗೂ ಬರ. ಭಾರತ ಸರ್ಕಾರವು ಆಪರೇಷನ್ ಕಾವೇರಿ ಎಂಬ ಕಾರ್ಯಾಚರಣೆ ನಡೆಸಿ, ಪೋರ್ಟ್ ಸೂಡಾನ್ ಮತ್ತು ಜೆಡ್ಡಾ ಮಾರ್ಗವಾಗಿ ಭಾರತೀಯರನ್ನು ಕರೆತಂದಿತು.

ಎರಡನ್ನೂ ಕೂಡಿಸಿ ನೋಡಿದರೆ ಸತ್ಯವೊಂದು ಗೋಚರಿಸುತ್ತದೆ. ಎಣ್ಣೆ ಮಾರಲು ಹೋದ ಬಡವನಿಗೆ ಆಪತ್ಕಾಲದಲ್ಲಿ 'ಇವನು ನಮ್ಮವನು' ಎನ್ನುವ ದೇಶವೊಂದಿತ್ತು. ಅರುವತ್ತು ವರ್ಷ ಬೆವರು ಸುರಿಸಿ ನೆಲವನ್ನು ಹಸನುಮಾಡಿದ ಮನೆತನಗಳಿಗೆ ಅಂಥ ಭರವಸೆ ಇನ್ನೂ ಪೂರ್ಣವಾಗಿ ದೊರೆತಿಲ್ಲ. ಪರದೇಶದಲ್ಲಿ ಕಾಯಕವು ಅನ್ನವನ್ನು ಕೊಡುತ್ತದೆ, ನುಡಿಯು ನೆರೆಹೊರೆಯನ್ನು ಕೊಡುತ್ತದೆ. ಆದರೆ ಕಾಲ ಕೆಟ್ಟಾಗ ಕೈಹಿಡಿಯುವುದು ಕಾಗದಪತ್ರ. ಅದನ್ನು ಅಲಕ್ಷಿಸಿ ಹೊರಡಬಾರದು.

ಆದುದರಿಂದ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳು ಕೆಲವು ಸಂಗತಿಗಳನ್ನು ಗಮನಿಸಬೇಕು. ನೌಕರಿ ಕೊಡಿಸುವೆನೆಂಬ ಏಜೆಂಟನು 1983ರ ವಲಸೆ ಕಾಯ್ದೆಯಂತೆ ನೋಂದಾಯಿತನೇ ಎಂದು ಮೊದಲು ವಿಚಾರಿಸಬೇಕು. ಪಾಸ್‌ಪೋರ್ಟು, ವೀಸಾಗಳ ಪ್ರತಿಗಳನ್ನು ಮನೆಯಲ್ಲಿರಿಸಿಕೊಳ್ಳಬೇಕು. ವೀಸಾದ ಅವಧಿ ಮುಗಿಯುವ ದಿನ ಹಿರಿಯರಿಗೂ ತಿಳಿದಿರಬೇಕು. ತಲುಪಿದೊಡನೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಬೇಕು. ಮರಳುವ ಟಿಕೆಟಿನಷ್ಟು ಹಣವನ್ನು ಬೇರೆಯಾಗಿ ಇಡಬೇಕು. ಬೈಲುಕುಪ್ಪೆಯವರು ಕನ್ನಡ ಕಲಿತಂತೆ ಆ ನಾಡಿನ ನುಡಿಯನ್ನು ಕಲಿಯಬೇಕು.

ಇನ್ನೊಂದು ಮಾತು ಮನೆಯಲ್ಲಿ ಉಳಿಯುವವರಿಗೆ. ನಮ್ಮ ಮಗ ಪರನಾಡಿನ ಬಾಡಿಗೆ ಮನೆಯ ಬಾಗಿಲು ತಟ್ಟುವಾಗ ಆ ಊರಿನವರು ಹೇಗೆ ನಡೆದುಕೊಳ್ಳಲಿ ಎಂದು ಬಯಸುತ್ತೇವೆಯೋ, ಹುಣಸೂರು, ಪಿರಿಯಾಪಟ್ಟಣಗಳ ಬೀದಿಯಲ್ಲಿ ಎದುರಾಗುವ ಟಿಬೆಟನ್ನನೊಡನೆಯೂ ಹಕ್ಕಿಪಿಕ್ಕಿಯೊಡನೆಯೂ ನಾವು ಹಾಗೆಯೇ ನಡೆದುಕೊಳ್ಳೋಣ.