ನಿದಾನವೂ ನಿಧಾನವೂ

ಸಂಸ್ಕೃತದ ‘ನಿದಾನ’ ಶಬ್ದಕ್ಕೆ ಮೂಲಕಾರಣವೆಂದೂ, ವೈದ್ಯಶಾಸ್ತ್ರದಲ್ಲಿ ರೋಗವನ್ನು ಗುರುತಿಸುವುದೆಂದೂ ಅರ್ಥವಿರುವುದು. ಕನ್ನಡಿಗರ ಬಾಯಲ್ಲಿ ಬಳಕೆಯಾಗುವ ‘ನಿಧಾನ’ವಾದರೋ ತಡಮಾಡುವಿಕೆ. ಒಂದು ಅಲ್ಪಪ್ರಾಣ, ಇನ್ನೊಂದು ಮಹಾಪ್ರಾಣ. ನಡುವಣ ಅಂತರವು ಒಂದು ಉಸಿರಿನಷ್ಟು ಮಾತ್ರ. ಆದರೆ ಆ ಅಂತರದಲ್ಲಿ ಮನುಷ್ಯನ ಕಣ್ಣೂ ಕಾಲೂ ಕೈಬಿಟ್ಟು ಹೋಗಬಹುದೆಂಬುದಕ್ಕೆ ಕೆ. ಹೊಸಕೋಟೆಯ ಒಂದು ಮನೆಯ ವೃತ್ತಾಂತವು ಸಾಕ್ಷಿಯಾಗಿರುವುದು.

ಆ ಮನೆಯವರಿಗೆ ಸ್ವಲ್ಪ ಕಾಫಿಯ ತೋಟವೂ ಅದರ ಕೆಳಗೆ ಗದ್ದೆಯೂ ಉಂಟು. ಮನೆಯೊಡತಿಗೆ ವಯಸ್ಸು ಮೂವತ್ತು ತುಂಬಿರಲಿಲ್ಲ. 2021ರ ಮಳೆಗಾಲದಲ್ಲಿ ಆಕೆಯ ಎಡಗಣ್ಣು ನೋಯತೊಡಗಿ, ಎರಡು ದಿನಗಳೊಳಗೆ ಮಂಜು ಕವಿದಂತಾಯಿತು. ಕೆಂಚಮ್ಮನಿಗೆ ಹರಕೆ ಹೊತ್ತದ್ದಾಯಿತು. ಒಂದೂವರೆ ತಿಂಗಳಲ್ಲಿ ದೃಷ್ಟಿಯು ತಾನಾಗಿಯೇ ಮರಳಿತು. “ಕಣ್ಣು ಬಂತಲ್ಲ, ಇನ್ನೇಕೆ ಆಸ್ಪತ್ರೆಯ ಅಲೆದಾಟ?” ಎಂದು ಅತ್ತೆಯವರು ನುಡಿದರು. ಆ ಮಾತು ಯಾರಿಗೂ ತಪ್ಪೆನಿಸಲಿಲ್ಲ.

2023ರ ಬೇಸಗೆಯಲ್ಲಿ ಕಾಲುಗಳು ಜೋಮು ಹಿಡಿದವು. ಕತ್ತು ಬಗ್ಗಿಸಿದರೆ ಬೆನ್ನುಹುರಿಯುದ್ದಕ್ಕೂ ಮಿಂಚು ಹರಿದಂತಾಗುತ್ತಿತ್ತು. ಎಲ್ಲಕ್ಕಿಂತ ಸೋಜಿಗವೆಂದರೆ, ಹಂಡೆಯ ಬಿಸಿನೀರಿನಲ್ಲಿ ಸ್ನಾನಮಾಡಿದ ಒಡನೆಯೇ ಆಕೆಗೆ ಏಳಲಾಗುತ್ತಿರಲಿಲ್ಲ. ಗಾಳಿಗೆ ಕುಳಿತು ಮೈ ತಣಿದ ಮೇಲೆ ಮತ್ತೆ ನಡೆಯುತ್ತಿದ್ದಳು. “ಕೆಲಸದ ಹೊತ್ತಿಗೆ ಕಾಲು ಬೀಳುತ್ತದೆ, ಊಟದ ಹೊತ್ತಿಗೆ ಏಳುತ್ತದೆ. ಇದೆಂಥ ರೋಗವಮ್ಮಾ?” ಎಂದು ಅತ್ತೆಯವರು ಕೇಳಿದರು. ಸೊಸೆಯು ಉತ್ತರ ಕೊಡಲಿಲ್ಲ. ತಾನು ಸೋಗು ಹಾಕುತ್ತಿಲ್ಲವೆಂಬುದನ್ನು ತೋರಿಸಲು ಆಕೆಯ ಬಳಿ ಗಾಯವಿರಲಿಲ್ಲ, ಜ್ವರವಿರಲಿಲ್ಲ, ಬಾವೂ ಇರಲಿಲ್ಲ. ಮೊದಲು ಕಂಡ ವೈದ್ಯರು ನರಗಳ ದೌರ್ಬಲ್ಯವೆಂದು ಬಲವರ್ಧಕ ಗುಳಿಗೆಗಳನ್ನು ಬರೆದುಕೊಟ್ಟರು.

ಈ ವ್ಯಾಧಿಗೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂದು ಹೆಸರು. 1868ರಲ್ಲಿ ಪ್ಯಾರಿಸ್ಸಿನ ವೈದ್ಯನಾದ ಷಾರ್ಕೋ ಎಂಬಾತನು ಇದನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ವರ್ಣಿಸಿದನು. ಮೆದುಳು, ಬೆನ್ನುಹುರಿ, ದೃಷ್ಟಿನರ ಇವುಗಳಲ್ಲಿನ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯುಂಟು. ಶರೀರವನ್ನು ಕಾಯಬೇಕಾದ ರಕ್ಷಣಾಬಲವೇ ದಾರಿತಪ್ಪಿ ಈ ಹೊದಿಕೆಯನ್ನು ಕೆಡಿಸುವುದು. ಬದು ಒಡೆದ ಕಾಲುವೆಯಲ್ಲಿ ನೀರು ಗದ್ದೆಯನ್ನು ಮುಟ್ಟುವ ಮೊದಲೇ ಸೋರಿಹೋಗುವಂತೆ, ಮೆದುಳಿನ ಆಜ್ಞೆಯು ಕಾಲನ್ನು ಮುಟ್ಟುವ ಮೊದಲೇ ಕುಂದುವುದು. ಮೈ ಕಾದಾಗ ಆ ಸೋರಿಕೆಯು ಹೆಚ್ಚುವುದು, ತಣಿದಾಗ ತಗ್ಗುವುದು. ಇದನ್ನು ಊಟ್‌ಹಾಫ್ ಎಂಬ ಜರ್ಮನ್ ನೇತ್ರವೈದ್ಯನು 1890ರಲ್ಲಿಯೇ ಗುರುತಿಸಿದ್ದನು. ಹೊಸಕೋಟೆಯ ಬಚ್ಚಲುಮನೆಯಲ್ಲಿ ಸೋಗೆಂದು ಕಂಡದ್ದು ಒಂದು ಶತಮಾನದ ಹಿಂದೆಯೇ ಗ್ರಂಥಸ್ಥವಾದ ಲಕ್ಷಣವಾಗಿತ್ತು.

ಈ ರೋಗವು ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ತಲೆದೋರುವುದು. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ಶೀತದೇಶದವರ ರೋಗವೆಂಬ ಭಾವನೆಯೊಂದಿತ್ತು. ಆದರೆ ಘಟ್ಟದ ಕೆಳಗಿನ ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತರು ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಇದು ಇರುವುದನ್ನು ತೋರಿಸಿತು. ವಿರಳವೆಂಬುದು ನಿಜ, ಇಲ್ಲವೆಂಬುದು ನಿಜವಲ್ಲ.

ಕಡೆಗೆ ಹಾಸನದ ತರುಣ ವೈದ್ಯರೊಬ್ಬರು ಆಕೆಯ ಕಾಲನ್ನು ಪರೀಕ್ಷಿಸಿ, “ಹಿಂದೆ ಎಂದಾದರೂ ಕಣ್ಣು ಮಂಜಾಗಿತ್ತೇನಮ್ಮ?” ಎಂದು ಕೇಳಿದರು. ಕಾಲಿಗೆ ಬಂದವರನ್ನು ಕಣ್ಣಿನ ವಿಷಯ ಕೇಳಿದ ಆ ಪ್ರಶ್ನೆಯೇ ನಿದಾನದ ಆರಂಭವಾಯಿತು. ಅವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಪತ್ರ ಬರೆದುಕೊಟ್ಟರು. ಮಾರಲೆಂದು ಇರಿಸಿದ್ದ ಮೆಣಸಿನ ಚೀಲಗಳು ಅವಧಿಗೆ ಮೊದಲೇ ವ್ಯಾಪಾರಿಯ ಪಾಲಾದವು.

ಈ ರೋಗವನ್ನು ನಿರ್ಣಯಿಸುವಲ್ಲಿ ವೈದ್ಯರು ಬಹುಕಾಲದಿಂದ ಅನುಸರಿಸಿದ ಸೂತ್ರವು ದೇಶಕಾಲಗಳನ್ನು ಕುರಿತದ್ದು: ಹಾನಿಯು ನರಮಂಡಲದ ಬೇರೆ ಬೇರೆ ಸ್ಥಾನಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ ಆಗಿರಬೇಕು. “ಕಣ್ಣಿನ ತೊಂದರೆ ಯಾವಾಗ? ಎಷ್ಟು ದಿನ?” ಎಂದು ತಜ್ಞರು ಕೇಳಲು, ಪತಿಯು ಚೀಲದಿಂದ ತೋಟದ ಮಳೆಲೆಕ್ಕದ ಪುಸ್ತಕವನ್ನು ತೆಗೆದನು. ಇಂಚು ಸೆಂಟುಗಳ ಸಾಲಿನ ಪಕ್ಕದಲ್ಲಿ ‘ಇವಳಿಗೆ ಕಣ್ಣು ಮಂಜು’ ಎಂದೂ, ಆರು ವಾರಗಳ ಮುಂದೆ ‘ಕಣ್ಣು ಸರಿ’ ಎಂದೂ ಬರೆದಿತ್ತು. ಎಂ.ಆರ್.ಐ. ಚಿತ್ರವು ಸ್ಥಾನಗಳನ್ನು ತೋರಿಸಿತು. ಮಳೆಯ ಪುಸ್ತಕವು ಕಾಲವನ್ನು ಹೇಳಿತು.

ಆದರೂ ವೈದ್ಯರು ಆತುರಪಡಲಿಲ್ಲ. ಬಿ12 ಜೀವಸತ್ವದ ಕೊರತೆ, ಕ್ಷಯ ಮೊದಲಾದವು ಇದೇ ವೇಷವನ್ನು ಧರಿಸಬಲ್ಲವು. ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಬೇರೊಂದು ರೋಗವಂತೂ ಕಣ್ಣನ್ನೂ ಬೆನ್ನುಹುರಿಯನ್ನೂ ಹಿಡಿಯುವುದು. ಒಂದರ ಮದ್ದು ಇನ್ನೊಂದಕ್ಕೆ ಕೇಡಾಗಬಹುದು. ಆದುದರಿಂದಲೇ ರಕ್ತವನ್ನೂ ಬೆನ್ನುಹುರಿಯ ದ್ರವವನ್ನೂ ಪರೀಕ್ಷಿಸಿದರು. ಸಾಮಾನ್ಯ ವೈದ್ಯರಲ್ಲಿಗೆ ನಿಲ್ಲದೆ ನರರೋಗತಜ್ಞರಲ್ಲಿಗೆ ಹೋಗಬೇಕೆನ್ನುವುದು ಈ ಕಾರಣದಿಂದ.

ಇದನ್ನು ನಿರ್ಮೂಲಗೊಳಿಸುವ ಔಷಧವಿಲ್ಲ. ರೋಗವು ಕೆರಳಿದಾಗ ಕೆಲವು ದಿನ ರಕ್ತನಾಳದ ಮೂಲಕ ಕೊಡುವ ಸ್ಟೆರಾಯ್ಡು ಚೇತರಿಕೆಯನ್ನು ಬೇಗಮಾಡುವುದು. ಮರುಕಳಿಕೆಯನ್ನು ತಗ್ಗಿಸುವ ಔಷಧಗಳು 1993ರಲ್ಲಿ ಅಮೆರಿಕೆಯು ಇಂಟರ್‌ಫೆರಾನ್ ಬೀಟಾವನ್ನು ಅಂಗೀಕರಿಸಿದಂದಿನಿಂದ ಒಂದೊಂದಾಗಿ ಬಂದಿವೆ. ಇವು ಹೋದದ್ದನ್ನು ತರುವುದಕ್ಕಿಂತ ಇದ್ದುದನ್ನು ಉಳಿಸುವುದರಲ್ಲಿ ಸಮರ್ಥವಾದುವು. ಆದಕಾರಣ ಬೇಗ ತೊಡಗಿದಷ್ಟೂ ಲಾಭ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ವೈಕಲ್ಯಗಳಲ್ಲಿ ಇದೂ ಒಂದು; ಅರ್ಹರು ಪ್ರಮಾಣಪತ್ರವನ್ನು ಪಡೆಯತಕ್ಕದ್ದು.

ಆಕೆ ಊರಿಗೆ ಹಿಂದಿರುಗಿದಳು. ಎಡಗಾಲು ಇನ್ನೂ ಕೊಂಚ ಎಳೆಯುವುದು. ಹಣ್ಣು ಕೊಯ್ಲಿಗೆ ಇಳಿಜಾರಿಗೆ ಹೋಗುವುದಿಲ್ಲ, ಕಣದಲ್ಲಿ ಕುಳಿತು ಲೆಕ್ಕ ನೋಡುವಳು. ವೈದ್ಯರು ಹೇಳಿದ್ದನ್ನು ಮಗನು ಓದಿ ವಿವರಿಸಿದಾಗ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಮರುದಿನ ಬೆಳಗ್ಗೆ ತಾವೇ ಹಂಡೆಯ ನೀರಿಗೆ ಎರಡು ಕೊಡ ತಣ್ಣೀರು ಬೆರೆಸಿ, ಕೈಯದ್ದಿ ನೋಡಿ, “ಬಿಸಿಯಿಲ್ಲ, ಹೋಗು ಮಗಳೇ” ಎಂದರು. ಕ್ಷಮಾಪಣೆಯ ಮಾತು ಆ ಮನೆಯಲ್ಲಿ ಬೇರೆ ನಡೆಯಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮಳೆಲೆಕ್ಕದ ಪುಸ್ತಕವನ್ನು ಈಗ ಸೊಸೆಯೇ ಬರೆಯುವಳು. ಅದರಲ್ಲಿ ಮಳೆಗೊಂದು ಸಾಲು, ಕಾಲಿಗೊಂದು ಸಾಲು.