ಅಡುಗೆಮನೆಗೆ ಯಾವ ಲೆನ್ಸು?

ಮೊಬೈಲ್‌ನಲ್ಲಿ ಫೋಟೋ ತೆಗೆಯುವಾಗ ಕೆಳಗೆ 0.5, 1, 2 ಅಂತ ಅಂಕಿಗಳು ಕಾಣುತ್ತವಲ್ಲ, ಅದರಲ್ಲಿ 0.5 ಒತ್ತಿದರೆ ಇಡೀ ಕಲ್ಯಾಣ ಮಂಟಪ ಒಂದೇ ಫೋಟೋದಲ್ಲಿ ಕೂತುಬಿಡುತ್ತದೆ. ಆದರೆ ಸಾಲಿನ ಕೊನೆಯಲ್ಲಿ ನಿಂತ ಚಿಕ್ಕಪ್ಪ ಇದ್ದಕ್ಕಿಂತ ದಪ್ಪ ಕಾಣುತ್ತಾರೆ. ಅಗಲ ಬೇಕೆಂದರೆ ಅದಕ್ಕೊಂದು ಬೆಲೆ ಇದೆ. ಆ ಬೆಲೆ ಎಷ್ಟು ಅಂತ ನಾನು ಅಡಿ ಲೆಕ್ಕದಲ್ಲಿ ಕಲಿತದ್ದು ಹಳೇ ರೀಲಿನ ಕ್ಯಾಮೆರಾ ಒಂದರಿಂದ.

ಕ್ಯಾಮೆರಾದ ಹೆಸರು ಜೋರ್ಕಿ-4. ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ 1956ರಿಂದ 1973ರವರೆಗೆ ತಯಾರಾದ ಮಾಡೆಲ್. ಜರ್ಮನಿಯ ಲೈಕಾ ಕ್ಯಾಮೆರಾವನ್ನು ನೋಡಿ ರಷ್ಯಾದವರು ಮಾಡಿಕೊಂಡ ವಂಶದ್ದು. ನಮ್ಮ ತಾಲ್ಲೂಕಿನ ಸ್ಟುಡಿಯೋ ಒಂದು ಬಾಗಿಲು ಹಾಕುವಾಗ ಅದರ ಹಿರಿಯರು "ಪೇಪರ್‌ನೋನು, ಇಟ್ಕೋ" ಅಂತ ನನ್ನ ಕೈಗಿಟ್ಟರು. ಕೋಲಾರ ಜಿಲ್ಲೆಯಲ್ಲಿ ಸುದ್ದಿಗಿಷ್ಟು ಅಂತ ಕಾಸು ಪಡೆಯುವ ಸ್ಟ್ರಿಂಗರ್ ನಾನು. ಹೊಸ ಕ್ಯಾಮೆರಾ ಕೊಳ್ಳುವ ಸ್ಥಿತಿಯಲ್ಲಿ ಇರಲೂ ಇಲ್ಲ.

ಇದು ರೇಂಜ್‌ಫೈಂಡರ್ ಜಾತಿ. ಮೇಲಿನ ಪುಟ್ಟ ಕಿಂಡಿಯಲ್ಲಿ ನೋಡಿದರೆ ಎದುರಿನ ವಸ್ತುವಿನ ಮೇಲೆ ಅದರದ್ದೇ ಮಸುಕು ಬಿಂಬ ಇನ್ನೊಂದು ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡೂ ಒಂದರ ಮೇಲೊಂದು ಬಂದು ಕೂರುತ್ತವೆ, ಫೋಕಸ್ ಆಯಿತು. ಒಂದು ವಿಷಯ ಮಾತ್ರ ನೆನಪಿರಬೇಕು: ನಾವು ನೋಡುವುದು ಕಿಂಡಿಯಿಂದ, ಲೆನ್ಸಿನಿಂದ ಅಲ್ಲ. ಲೆನ್ಸ್ ಬದಲಾಯಿಸಿದರೂ ಕಿಂಡಿಯಲ್ಲಿ ಕಾಣುವುದು ಬದಲಾಗುವುದಿಲ್ಲ. ಜೋರ್ಕಿಯ ಕಿಂಡಿ 50 ಎಂಎಂ ಲೆನ್ಸಿಗೆ ಮಾಡಿದ್ದು. ಅದಕ್ಕಿಂತ ಅಗಲದ ಲೆನ್ಸ್ ಹಾಕಿದರೆ ಕ್ಯಾಮೆರಾದ ತಲೆ ಮೇಲೆ ಬೇರೆ ಕಿಂಡಿ ಸಿಕ್ಕಿಸಬೇಕು.

ಅಗಲದ ಲೆನ್ಸ್ ಬೇಕಾದದ್ದು ರಿಚರ್ಡ್ಸ್ ಟೌನಿನ ಒಂದು ಅಡುಗೆಮನೆಗೆ.

ಅಮ್ಮ ಹದಿನೆಂಟು ವರ್ಷ ಆ ಮನೆಯಲ್ಲಿ ಅಡುಗೆ ಮಾಡಿದ್ದಾಳೆ. ಮಾಲೂರಿನಿಂದ ಬೆಳಗಿನ ರೈಲು, ದಂಡು ಸ್ಟೇಷನ್‌ನಲ್ಲಿ ಇಳಿದು ನಡಿಗೆ, ಸಂಜೆ ಅದೇ ದಾರಿ ವಾಪಸ್. ನಮ್ಮ ಕಡೆಯವರು ಈಗಲೂ ದಂಡು ಅಂತಲೇ ಅನ್ನುವುದು. 1947ರವರೆಗೂ ಅದು ಮೈಸೂರು ಮಹಾರಾಜರ ಕೈಯಲ್ಲಿರದೆ ಬ್ರಿಟಿಷರ ಆಡಳಿತದಲ್ಲಿದ್ದ ಊರು. ಅಲ್ಲಿನ ಹಳೇ ಬಂಗಲೆಗಳಿಗೆ ಹೆಂಚಿನ ಮಾಡು, ಕಿಟಕಿಯ ಮೇಲೆ ಮುಂದಕ್ಕೆ ಚಾಚಿದ ಮರದ ಚೂಪು ಮುಸುಕು. ಅದಕ್ಕೆ ಮಂಕಿ ಟಾಪ್ ಅನ್ನುತ್ತಾರೆ. ರಿಚರ್ಡ್ಸ್ ಪಾರ್ಕಿನ ಸುತ್ತಮುತ್ತ ಅಂಥ ಮನೆಗಳು ಇನ್ನೂ ಕೆಲವು ಉಳಿದಿವೆ. ಎಷ್ಟೋ ಮನೆ ಹೋಗಿ ಅಪಾರ್ಟ್‌ಮೆಂಟ್ ಎದ್ದಿವೆ.

ಅಮ್ಮ ಕೆಲಸ ಮಾಡಿದ ಮನೆಯೂ ಬಿಲ್ಡರ್‌ಗೆ ಹೋಯಿತು. ಕೆಡವುವ ಮುಂಚೆ ಮನೆಯವರು ಫೋಟೋ ತೆಗೆಸಿಕೊಂಡರು: ಮುಂಭಾಗ, ವರಾಂಡ, ಹಜಾರ. ಅಡುಗೆಮನೆಯನ್ನು ಯಾರೂ ತೆಗೆಯಲಿಲ್ಲ. ಅಮ್ಮ ನನ್ನನ್ನು ಕೇಳಿದಳು. "ಮೊಬೈಲ್‌ನಾಗೆ ಬೇಡ ಕಣೋ, ಕಟ್ಟು ಹಾಕ್ಸೋ ಅಂಥ ಫೋಟೋ ಬೇಕು. ಒಲೆ ಕಾಣ್ಬೇಕು, ಕಿಟಕಿ ಕಾಣ್ಬೇಕು, ಆಚೆ ನುಗ್ಗೆ ಮರ ಕಾಣ್ಬೇಕು. ನಾನು ಒಂದ್ ಕಡೆ ಇದ್ರೆ ಸಾಕು."

ಮನೆಯಮ್ಮ ಒಪ್ಪಿದರು. ಒಂದು ಮಧ್ಯಾಹ್ನ ಕೊಟ್ಟರು. ಅದಾದ ಮೇಲೆ ಮರುಪ್ರಯತ್ನಕ್ಕೆ ಗೋಡೆಯೇ ಇರುವುದಿಲ್ಲ.

ಮುಂಚೆಯೇ ಹೋಗಿ ಟೇಪಿನಲ್ಲಿ ಅಳೆದೆ. ಒಲೆಯ ಗೋಡೆಯಿಂದ ಎದುರಿನ ಹಿತ್ತಿಲ ಬಾಗಿಲಿನ ಗೋಡೆಗೆ ಬರೀ ಏಳು ಅಡಿ. ಒಲೆಯಿಂದ ಕಿಟಕಿಯ ಆ ತುದಿಗೆ ಒಂಬತ್ತು ಅಡಿ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ನನಗೆ ಸಿಗುವ ದೂರ ಆರು ಅಡಿ.

ಇಲ್ಲಿಗೆ ಒಂದು ಸುಲಭ ಲೆಕ್ಕ ಇದೆ. ಈ ರೀಲಿನ ಒಂದು ಫ್ರೇಮಿನ ಅಗಲ 36 ಎಂಎಂ. 35 ಎಂಎಂ ಲೆನ್ಸ್ ಹಾಕಿದರೆ ಎಷ್ಟು ದೂರವೋ ಹತ್ತಿರ ಹತ್ತಿರ ಅಷ್ಟೇ ಅಗಲ. ಹತ್ತಡಿ ದೂರ ನಿಂತರೆ ಹತ್ತಡಿ ಅಗಲದ ಗೋಡೆ. ಅದೇ ಹತ್ತಡಿಯಿಂದ 50 ಎಂಎಂ ಲೆನ್ಸಿಗೆ ಏಳಡಿ ಸಿಗುತ್ತದೆ, 28ಕ್ಕೆ ಹದಿಮೂರಡಿ, 21ಕ್ಕೆ ಹದಿನೇಳಡಿ. ಅಂಕಿ ಕಡಿಮೆಯಾದಷ್ಟೂ ಅಗಲ ಜಾಸ್ತಿ.

ನನ್ನ ಆರು ಅಡಿಗೆ ಈ ಲೆಕ್ಕ ಹಾಕಿದರೆ 35ಕ್ಕೆ ಆರಡಿ, 28ಕ್ಕೆ ಏಳೂಮುಕ್ಕಾಲು, 21ಕ್ಕೆ ಹತ್ತಡಿ. ಅಮ್ಮ ಕೇಳಿದ್ದೆಲ್ಲ ಬರಬೇಕೆಂದರೆ 21 ಒಂದೇ ಉತ್ತರ ಅನ್ನಿಸಿತು.

ಪರಿಚಯದ ಹಿರಿಯ ಫೋಟೋಗ್ರಾಫರ್ ಒಬ್ಬರು ಮೂರು ಲೆನ್ಸನ್ನೂ ಒಂದು ವಾರಕ್ಕೆ ಕೊಟ್ಟಿದ್ದರು. ರಷ್ಯಾದ ಜ್ಯುಪಿಟರ್-12, ಅದು 35 ಎಂಎಂ. ಉಳಿದೆರಡು ವಾಯ್ಟ್‌ಲ್ಯಾಂಡರ್ ಹೆಸರಿನಲ್ಲಿ ಜಪಾನ್‌ನಲ್ಲಿ ತಯಾರಾದ 28 ಮತ್ತು 21. ಮೂರಕ್ಕೂ 39 ಎಂಎಂ ಮರೆ, ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಹಾಕುವುದು. ಒಂದು ರೀಲು ನಮ್ಮ ಮನೆಯಲ್ಲೇ ಪರೀಕ್ಷೆಗೆ ಖರ್ಚು ಮಾಡಿದೆ.

21ರಲ್ಲಿ ಕೋಣೆ ಪೂರ್ತಿ ಬಂತು. ಆದರೆ ಅಂಚಿಗೆ ನಿಂತ ಅಮ್ಮನ ಮುಖ ಪಕ್ಕಕ್ಕೆ ಎಳೆದ ಹಾಗಾಯಿತು. ನಡುವೆ ನಿಲ್ಲಿಸಿದರೆ ದೊಡ್ಡ ಕೋಣೆಯಲ್ಲಿ ಪುಟ್ಟ ಹೆಂಗಸು. ಹತ್ತಿರದ ಪಾತ್ರೆ ಹಂಡೆಯಷ್ಟು, ಹಿಂದಿನ ಒಲೆ ಆಟಿಕೆಯಷ್ಟು. ಕ್ಯಾಮೆರಾ ಸ್ವಲ್ಪ ಮೇಲಕ್ಕೆ ಬಾಗಿದರೂ ಗೋಡೆಗಳು ಒಳಕ್ಕೆ ವಾಲಿದವು.

ನಮ್ಮ ಕಸುಬಿನವರಿಗೆ ಈ ಗುಣ ಚೆನ್ನಾಗಿ ಗೊತ್ತು. ರಸ್ತೆ ಗುಂಡಿ ಪಕ್ಕ ಕುಕ್ಕರಗಾಲಲ್ಲಿ ಕೂತು ಅಗಲದ ಲೆನ್ಸಿನಲ್ಲಿ ತೆಗೆದರೆ ಗುಂಡಿ ಕೆರೆಯಾಗುತ್ತದೆ. ತಪ್ಪು ಲೆನ್ಸಿನದ್ದಲ್ಲ. ಹತ್ತಿರ ಹೋದಷ್ಟೂ ಮುಂದಿನದ್ದು ದೊಡ್ಡದು, ಹಿಂದಿನದ್ದು ಚಿಕ್ಕದು. ಅಗಲದ ಲೆನ್ಸ್ ನಮ್ಮನ್ನು ಅಷ್ಟು ಹತ್ತಿರ ನಿಲ್ಲಲು ಬಿಡುತ್ತದೆ, ಅಷ್ಟೇ. ಅಂದರೆ ಲೆನ್ಸ್ ಆರಿಸುವುದಕ್ಕಿಂತ ಮುಂಚೆ ಎಲ್ಲಿ ನಿಲ್ಲುತ್ತೇವೆ ಅನ್ನುವುದನ್ನು ಆರಿಸಬೇಕು.

ಬೆಳಕಿನ ಲೆಕ್ಕವೂ ಇತ್ತು. ಜ್ಯುಪಿಟರ್ 2.8ರವರೆಗೆ ತೆರೆಯುತ್ತದೆ, ಆ 21 ಎಂಎಂ ಲೆನ್ಸ್ 4ರವರೆಗೆ ಮಾತ್ರ. ಅಂದರೆ ಅದರೊಳಗೆ ಬರುವ ಬೆಳಕು ಅರ್ಧ. ಹೊಗೆ ಹಿಡಿದ ಅಡುಗೆಮನೆಯಲ್ಲಿ ಅರ್ಧ ಬೆಳಕು ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಆಮೇಲೆ ಹೊಳೆದದ್ದು ಹಿತ್ತಿಲ ಬಾಗಿಲು. ಅದನ್ನು ತೆಗೆದು, ಹೊಸ್ತಿಲಿನಿಂದ ಆಚೆ ನಿಂತರೆ? ಮತ್ತೆ ಟೇಪು ಹಿಡಿದೆ. ಒಲೆಯ ಗೋಡೆಗೆ ಸರಿಯಾಗಿ ಹತ್ತಡಿ. 35 ಎಂಎಂ ಲೆನ್ಸಿಗೆ ಹತ್ತಡಿ ಅಗಲ. ಒಲೆಯೂ ಬಂತು, ಕಿಟಕಿಯೂ ಬಂತು, ಅಂಚಿನಲ್ಲಿ ಬಾಗಿಲ ಚೌಕಟ್ಟು ಗೆರೆಯಷ್ಟು. ತೆರೆದ ಬಾಗಿಲಿನ ಬೆಳಕು ನನ್ನ ಬೆನ್ನ ಹಿಂದಿನಿಂದ ಒಳಗೆ ಬೀಳುತ್ತಿತ್ತು. ಹದಿನೆಂಟು ವರ್ಷ ಅಮ್ಮ ಆ ಮನೆಯೊಳಗೆ ಹೋಗಿದ್ದು ಇದೇ ಬಾಗಿಲಿಂದ, ಮುಂಬಾಗಿಲಿಂದ ಅಲ್ಲ. ದಿನಾ ಬೆಳಿಗ್ಗೆ ಅವಳಿಗೆ ಮೊದಲು ಕಾಣುತ್ತಿದ್ದ ಅಡುಗೆಮನೆ ಇದೇ ಇರಬೇಕು.

400ರ ಕಪ್ಪು ಬಿಳುಪು ರೀಲು, 2.8, ಸೆಕೆಂಡಿನ ಮೂವತ್ತನೇ ಒಂದು ಭಾಗ. ಫೋಕಸ್ ಹತ್ತಡಿಗೆ. ಅಲ್ಲಿಗೆ ಸುಮಾರು ಎಂಟೂವರೆ ಅಡಿಯಿಂದ ಹನ್ನೆರಡು ಅಡಿವರೆಗೆ ಚೊಕ್ಕವಾಗಿ ಬರುತ್ತದೆ. ಅಮ್ಮ, ಒಲೆ, ಕಿಟಕಿ ಮೂರೂ ಅದರೊಳಗೆ. ನುಗ್ಗೆ ಮರ ಬಿಸಿಲಿಗೆ ತೇಲಿಹೋಗಬಾರದು ಅಂತ ಐದು ಗಂಟೆ ದಾಟುವವರೆಗೆ ಕಾದೆವು. ಕಾಯುವಷ್ಟು ಹೊತ್ತೂ ಅಮ್ಮ ಖಾಲಿ ಕಪಾಟುಗಳನ್ನು ಒರೆಸುತ್ತಿದ್ದಳು. "ನಾಳಿದ್ದು ಒಡೆಯೋದಕ್ಕೆ ಯಾಕಮ್ಮ?" ಅಂದೆ. "ಫೋಟೋದಾಗೆ ಧೂಳು ಕಾಣಲ್ವಾ?" ಅಂದಳು.

ಹನ್ನೆರಡು ಫ್ರೇಮ್ ತೆಗೆದೆ. ಒಂದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಅಮ್ಮ ಮೊದಲು ನೋಡಿದ್ದು ತನ್ನ ಮುಖವನ್ನಲ್ಲ. ಒಲೆ ಪಕ್ಕದ ಗೂಡನ್ನು ಬೆರಳಲ್ಲಿ ಮುಟ್ಟಿ, "ಉಪ್ಪಿನ ಭರಣಿ ಇಲ್ಲೇ ಇತ್ತು ನೋಡು" ಅಂದಳು. ನಾನು 28 ಮತ್ತು 21ನ್ನು ವಾಪಸ್ ಕೊಟ್ಟು, ಜ್ಯುಪಿಟರ್ ಅನ್ನು ಕಂತಿನಲ್ಲಿ ಕೊಂಡೆ.

ನಿಮ್ಮಲ್ಲಿ ಯಾರಾದರೂ ಇಂಥ ಹಳೇ ಲೆನ್ಸ್ ಕೊಳ್ಳುವುದಾದರೆ ಇಷ್ಟು ನೋಡಿಕೊಳ್ಳಿ. ಟಾರ್ಚ್ ಬೆಳಕು ಹಾಯಿಸಿ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ, ಬಿಡಿ. ಜ್ಯುಪಿಟರ್-12ರ ಹಿಂದಿನ ಗಾಜು ತುಂಬಾ ಹೊರಕ್ಕೆ ಚಾಚಿರುತ್ತದೆ. ಅದರ ಮೇಲೆ ಗೀರು ಇದೆಯೇ ನೋಡಿ, ಕೆಲವು ಕ್ಯಾಮೆರಾಗಳ ಒಳಗೆ ಅದು ತಾಗುತ್ತದೆ ಅನ್ನುವುದೂ ಗಮನದಲ್ಲಿರಲಿ. ಜೋರ್ಕಿಯಲ್ಲಿ ರೀಲು ಸುತ್ತಿದ ಮೇಲೆಯೇ ಸ್ಪೀಡ್ ಬದಲಾಯಿಸಿ, ಮುಂಚೆ ಬೇಡ. ಮುಚ್ಚಳ ಹಾಕದೆ ಸೂರ್ಯನ ಕಡೆ ತಿರುಗಿಸಿ ಇಟ್ಟರೆ ಒಳಗಿನ ಬಟ್ಟೆ ಪರದೆ ಸುಟ್ಟು ತೂತಾಗುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಕ್ಯಾಮೆರಾ ಇಲ್ಲದವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ನಿಮ್ಮೂರಲ್ಲಿ ತೊಟ್ಟಿಮನೆಯೋ ಹಳೇ ಶಾಲೆಯೋ ಬೀಳುವುದಿದ್ದರೆ, 0.5 ಒತ್ತುವ ಮುಂಚೆ ಅಲ್ಲಿ ಬಾಳಿದವರನ್ನು ಏನೇನು ಕಾಣಬೇಕು ಅಂತ ಕೇಳಿ. ಆಮೇಲೆ 1ರಲ್ಲೇ ಇಟ್ಟು, ಅದೆಲ್ಲ ಬರುವವರೆಗೆ ಹಿಂದೆ ಸರಿಯಿರಿ. ಗೋಡೆ ಅಡ್ಡ ಬಂದರೆ ಹಿಂದೆ ಬಾಗಿಲು ಇದೆಯೇ ನೋಡಿ.